ಸಾವಿರ ಮೆಟ್ಟಿಲು, ಒಂದು ಡಿಸ್ಕು

ಟಕ್. ಒಂದು ಕ್ಷಣ ಸದ್ದಿಲ್ಲ. ಮತ್ತೆ ಟಕ್, ಟಕ್.

ಹಾರ್ಡ್ ಡಿಸ್ಕಿನೊಳಗಿನ ಹೆಡ್ಡು ಓದಬೇಕಾದ ಜಾಗ ಸಿಗದೆ ಹಿಂದಕ್ಕೆ ಸರಿದು, ಮತ್ತೆ ಮುಂದೆ ಬಂದು, ಮತ್ತೆ ಸೋತು ಹಿಂದಿರುಗುವ ಸದ್ದು ಅದು. ಸರ್ವರ್ ನೋಡಿಕೊಳ್ಳುವ ಕೆಲಸದವರು ಆ ಸದ್ದು ಕಿವಿಗೆ ಬಿದ್ದರೆ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುತ್ತಾರೆ. ನಾನೂ ಎದ್ದೆ. 2024ರ ಜುಲೈ 18, ಗುರುವಾರ ರಾತ್ರಿ. ಚಾಮುಂಡಿ ಬೆಟ್ಟದ ಮೇಲಿನ ಊರಿನಲ್ಲಿ ಒಂದು ಹೆಂಚಿನ ಮನೆ. ಹೊರಗೆ ಆಷಾಢದ ಗಾಳಿ, ಬಿಟ್ಟು ಬಿಟ್ಟು ಬರುವ ಸೋನೆ. ಬೆಳಗಾದರೆ ಆಷಾಢದ ಎರಡನೇ ಶುಕ್ರವಾರ. ಹೊರಗಿನವರ ಗಾಡಿಗಳಿಗೆ ಬೆಟ್ಟದ ದಾರಿ ಬಂದ್. ಲಲಿತಮಹಲ್ ಬಳಿಯ ಮೈದಾನದಿಂದ ಸಾರಿಗೆ ಬಸ್ಸುಗಳು ಭಕ್ತರನ್ನು ತುಂಬಿಕೊಂಡು ಹತ್ತುತ್ತವೆ, ಮೆಟ್ಟಿಲಿನ ದಾರಿಯಲ್ಲಿ ಇನ್ನೊಂದು ಜನಸಾಗರ. ಆ ಜನ ಬೆಟ್ಟ ತುಂಬುವ ಮೊದಲು ನಾವು ಮೂರು ಯಂತ್ರಗಳನ್ನು ಜೀವಂತವಾಗಿ ಕೆಳಗಿಳಿಸಬೇಕಿತ್ತು.

ಆ ಮೂರೂ ಯಂತ್ರಗಳು ಕಣ್ಣಿಗೆ ಕಾಣುವಂಥವಲ್ಲ. ಮೇಜಿನ ಕೆಳಗೆ ಇದ್ದದ್ದು ಧೂಳು ತಿಂದ ಒಂದೇ ಡಬ್ಬಿ. ಅದರ ಎರಡನೇ ಡಿಸ್ಕಿನಲ್ಲಿ, 160 ಜಿಬಿಯ ಹಳೆಯ ಡಿಸ್ಕಿನಲ್ಲಿ, ಮೂರು ವರ್ಚುವಲ್ ಮಷಿನ್‌ಗಳು. ಟಕ್ ಟಕ್ ಎನ್ನುತ್ತಿದ್ದದ್ದು ಅದೇ ಡಿಸ್ಕು.

ಮನೆಯ ಯಜಮಾನರು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಎಲ್ಲರಿಗೂ ಮೇಷ್ಟ್ರು. ಸಂಜೆಯ ಹೊತ್ತು ಡಿಟಿಪಿ ಮಾಡುತ್ತ ಮೈಸೂರಿನ ಸಣ್ಣ ಸಣ್ಣ ಪ್ರಕಾಶಕರಿಗೆ ಪುಟ ಕಟ್ಟಿಕೊಟ್ಟವರು. ಜಾನಪದ ಸಂಗ್ರಹಗಳು, ಪಿಎಚ್‌ಡಿ ಪ್ರಬಂಧಗಳು, ಸ್ಥಳಪುರಾಣಗಳು, ಹರಿಕಥೆ ಪುಸ್ತಿಕೆಗಳು, ಚಾಮುಂಡಿ–ನಂಜುಂಡರ ಪ್ರಣಯ ಜಗಳದ ಹಾಡುಗಳು. ಅಚ್ಚಾಗಿದ್ದು ಐನೂರೋ ಸಾವಿರವೋ ಪ್ರತಿ. ಪ್ರಕಾಶಕರಲ್ಲಿ ಕೆಲವರು ತೀರಿಕೊಂಡರು, ಕೆಲವರು ಅಂಗಡಿ ಮುಚ್ಚಿದರು. ಪುಟಗಳು ಮಾತ್ರ ಈ ಡಿಸ್ಕಿನಲ್ಲಿ ಉಳಿದಿದ್ದವು. ಭಾನುವಾರ ಇನ್ನೊಂದು ಪುಸ್ತಕದ ಬಿಡುಗಡೆ ಇತ್ತು. ಶುಕ್ರವಾರ ಸಂಜೆಯೊಳಗೆ ಪುಟಗಳು ಪ್ರೆಸ್ಸಿಗೆ ಹೋಗಬೇಕು.

‘ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೆ ಆಯಿತಲ್ಲ’ ಎಂದು ಯಾರಿಗಾದರೂ ಅನ್ನಿಸುತ್ತದೆ. ಕನ್ನಡದ ಹಳೆಯ ಡಿಟಿಪಿ ಕಂಡವರು ಹಾಗೆನ್ನುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ 128 ಮನೆಗಳ ಸ್ವಂತ ಜಾಗ ಸಿಕ್ಕಿದ್ದರೂ ನಮ್ಮ ಅಚ್ಚಿನ ಲೋಕ ಬಹುಕಾಲ ನಡೆದದ್ದು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳ ಮೇಲೆ. ಅಲ್ಲಿ ಕಂಪ್ಯೂಟರಿಗೆ ಕನ್ನಡ ಗೊತ್ತೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ: ಒಂದು ಮನೆಯಲ್ಲಿ ತಲೆಕಟ್ಟು, ಒಂದರಲ್ಲಿ ಒತ್ತು, ಒಂದರಲ್ಲಿ ದೀರ್ಘ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ಬೆರಳಾಡಿಸಿದರೆ ಪರದೆಯ ಮೇಲೆ ಚೆಂದದ ಕನ್ನಡ. ಫಾಂಟು ತೆಗೆದರೆ ಟೋಪಿ, ಬಾಲ ಅಂಟಿಸಿಕೊಂಡ ಲ್ಯಾಟಿನ್ ಅಕ್ಷರಗಳ ಗೊಂದಲ. ಇದರ ಮೇಲೆ ಪೇಜ್‌ಮೇಕರ್. 2001ರ 7.0 ಆವೃತ್ತಿಯೇ ಅದರ ಕೊನೆ. ಪುಟದ ಅಂಚು, ಅಡಿಟಿಪ್ಪಣಿ, ಪದ್ಯದ ಸಾಲು ಎಲ್ಲಿ ಮುರಿಯಬೇಕೆಂಬ ಲೆಕ್ಕ, ಎಲ್ಲವೂ ಆ ತಂತ್ರಾಂಶ, ಆ ಫಾಂಟು, ಆ ವಿಂಡೋಸ್ ಎಕ್ಸ್‌ಪಿ ಮೂರೂ ಒಟ್ಟಿಗಿದ್ದಾಗ ಮಾತ್ರ ನಿಲ್ಲುತ್ತದೆ. ಫೈಲನ್ನಷ್ಟೇ ಎತ್ತಿಕೊಂಡು ಬಂದರೆ ಬರುವುದು ಹೆಣ. ಯಂತ್ರವನ್ನು ಇಡಿಯಾಗಿ ಹೊತ್ತು ತರಬೇಕು.

ಇಡೀ ಯಂತ್ರವನ್ನು ಫೈಲಾಗಿ ಮಡಚಿಡುವ ವಿದ್ಯೆ ಇಂದಿನದಲ್ಲ. ಐಬಿಎಂನವರು 1960ರ ದಶಕದಲ್ಲೇ ಒಂದು ದೊಡ್ಡ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳಿವೆ ಎಂಬ ಭ್ರಮೆ ಹುಟ್ಟಿಸಿದ್ದರು. ಮನೆ ಮನೆಯ ಕಂಪ್ಯೂಟರಿಗೆ ಅದನ್ನು ತಂದದ್ದು 1998ರಲ್ಲಿ ಹುಟ್ಟಿದ ವಿಎಂವೇರ್. 2006ರಲ್ಲಿ ಆ ಕಂಪನಿ ವಿಎಂವೇರ್ ಸರ್ವರ್ ಎಂಬುದನ್ನು ಪುಕ್ಕಟೆಯಾಗಿ ಬಿಟ್ಟಿತು. ಮೇಷ್ಟ್ರ ಮೂಲ ಎಕ್ಸ್‌ಪಿ ಕಂಪ್ಯೂಟರಿನ ಮದರ್‌ಬೋರ್ಡು ಸುಟ್ಟಾಗ ಯಾರೋ ಜಾಣ ಹುಡುಗ ಅದರ ಡಿಸ್ಕನ್ನು ವರ್ಚುವಲ್ ಮಷಿನ್ ಆಗಿ ಬದಲಾಯಿಸಿ, ಸೆಂಟ್‌ಓಎಸ್ 5ರ ಮೇಲೆ ವಿಎಂವೇರ್ ಸರ್ವರ್ 2 ಹಾಕಿ ಕೂರಿಸಿ ಹೋಗಿದ್ದ. ಆ ಹುಡುಗನಿಗೆ ನನ್ನ ನಮಸ್ಕಾರ. ಅವನಿಂದಾಗಿ ಅಷ್ಟೂ ಪುಟಗಳು ಅಷ್ಟು ವರ್ಷ ಬದುಕಿದವು. ಆದರೆ ವಿಎಂವೇರ್ ಸರ್ವರ್‌ಗೆ ಬೆಂಬಲ 2011ರ ಜೂನ್ 30ಕ್ಕೇ ನಿಂತಿತು, ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ಸೆಂಟ್‌ಓಎಸ್ 5ಕ್ಕೆ 2017ರ ಮಾರ್ಚ್‌ನಲ್ಲಿ. ಮೂರು ಅಂತಸ್ತುಗಳಲ್ಲಿ ಯಾವುದಕ್ಕೂ ಕಾಯುವವರಿಲ್ಲ.

ಇಂಥ ಏರ್ಪಾಡಿಗೆ ಹೋಸ್ಟೆಡ್ ಎನ್ನುತ್ತಾರೆ. ವರ್ಚುವಲ್ ಮಷಿನ್‌ಗಳು ಇನ್ನೊಬ್ಬರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹಾಗೆ: ಕೆಳಗಿನ ಮನೆ ಅಲುಗಿದರೆ ಮೇಲಿನವರೂ ಬೀದಿಗೆ. ವರ್ಚುವಲ್ ಮಷಿನ್‌ಗಳನ್ನು ನಡೆಸುವ ತಂತ್ರಾಂಶ, ಎಂದರೆ ಹೈಪರ್‌ವೈಸರ್, ಬೇರ್ ಮೆಟಲ್ ಆಗಿದ್ದರೆ ನೇರವಾಗಿ ಯಂತ್ರದ ಮೇಲೆಯೇ ನಿಲ್ಲುತ್ತದೆ, ನಡುವೆ ಬೇರೆ ಯಜಮಾನನಿಲ್ಲ. ಅಂಥವುಗಳಲ್ಲಿ ಹೆಸರುವಾಸಿಯಾದ, ವಿಎಂವೇರ್‌ನದೇ ಆದ ಇಎಸ್‌ಎಕ್ಸ್‌ಐನ ಪುಕ್ಕಟೆ ಆವೃತ್ತಿಯನ್ನು, ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡ ಮೇಲೆ, 2024ರ ಫೆಬ್ರುವರಿಯಲ್ಲಿ ಹಿಂತೆಗೆದುಕೊಂಡಿದ್ದರು. ಹಾಗಾಗಿ ನಾವು ಆರಿಸಿಕೊಂಡದ್ದು ವಿಯೆನ್ನಾದವರ ಪ್ರಾಕ್ಸ್‌ಮಾಕ್ಸ್. ಡೆಬಿಯನ್ ಲಿನಕ್ಸ್, ಅದರ ಕರ್ನಲ್‌ನೊಳಗೇ ಸೇರಿಕೊಂಡಿರುವ ಕೆವಿಎಂ. ಲಿನಕ್ಸ್ ಇರುವುದರಿಂದ ಇದು ನಿಜವಾದ ಬೇರ್ ಮೆಟಲ್ ಹೌದೋ ಅಲ್ಲವೋ ಎಂದು ಪಂಡಿತರು ವಾದಿಸುತ್ತಾರೆ. ನನ್ನ ಮಟ್ಟಿಗೆ ಕರ್ನಲ್ಲೇ ಹೈಪರ್‌ವೈಸರ್ ಆದ ಮೇಲೆ ವಾದಕ್ಕೆ ಜಾಗವಿಲ್ಲ. ಹೊಸ ಯಂತ್ರ ಬೆಟ್ಟದ ಪಾದದ ಬಳಿ, ಮೇಷ್ಟ್ರ ಮಗನ ಮನೆಯಲ್ಲಿ ಸಿದ್ಧವಾಗಿತ್ತು. ಒಂದೇ ದತ್ತಾಂಶವನ್ನು ಜೋಡಿಯಾಗಿ ಬರೆದುಕೊಳ್ಳುವ ಎರಡು ಎಸ್‌ಎಸ್‌ಡಿ, ತಪ್ಪು ತಿದ್ದಿಕೊಳ್ಳುವ ಇಸಿಸಿ ಮೆಮೊರಿ.

ಇಂಟರ್‌ನೆಟ್ಟಿನಲ್ಲಿ ಕಳಿಸುವ ಆಸೆ ಮೊದಲೇ ಬಿಟ್ಟಿದ್ದೆವು. ಆಷಾಢ ಶುಕ್ರವಾರ ಬೆಟ್ಟದ ಮೇಲೆ ಫೋನು ಸಿಕ್ಕುವುದೇ ಕಷ್ಟ.

ಮೊದಲ ಗಂಡಾಂತರ ಪರದೆಯ ಮೇಲೆಯೇ ಕೂತಿತ್ತು. ಎಕ್ಸ್‌ಪಿ ಯಂತ್ರ ಚಾಲೂ ಇತ್ತು. ಪೇಜ್‌ಮೇಕರ್‌ನಲ್ಲಿ ಭಾನುವಾರದ ಪುಸ್ತಕ ತೆರೆದಿತ್ತು. ಮಧ್ಯಾಹ್ನದಿಂದ ತಿದ್ದಿದ ಪುಟಗಳು ಸೇವ್ ಆಗಿರಲಿಲ್ಲ. ಸೇವ್ ಮಾಡದೆ ಯಂತ್ರ ನಿಲ್ಲಿಸಿದರೆ ತಿದ್ದಿದ್ದೆಲ್ಲ ಹೋಯಿತು. ಸೇವ್ ಮಾಡಿದರೆ ಸಾಯುತ್ತಿರುವ ಡಿಸ್ಕಿನ ಮೇಲೆ ಬರೆದಂತಾಯಿತು, ಆ ಒಂದು ಬರವಣಿಗೆಯೇ ಕೊನೆಯ ಪೆಟ್ಟಾಗಬಹುದು. ನಿದ್ದೆ ಮಾಡಿಸಿದ ಸ್ಥಿತಿಯಲ್ಲಿ ಹೊತ್ತೊಯ್ಯೋಣವೆಂದರೆ, ವಿಎಂವೇರ್ ಉಳಿಸಿದ ಮೆಮೊರಿಯನ್ನು ಕೆವಿಎಂ ಓದುವುದಿಲ್ಲ.

‘ಏನು ಮಾಡೋದಪ್ಪಾ?’

‘ಸೇವ್ ಮಾಡಿ ಮೇಷ್ಟ್ರೇ. ಒಂದೇ ಸಲ. ಆಮೇಲೆ ಏನೂ ಮುಟ್ಟಬೇಡಿ.’

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಕಂಟ್ರೋಲ್, ಎಸ್ ಒತ್ತಿದರು. ಮೌಸಿನ ಬಾಣ ಮರಳು ಗಡಿಯಾರವಾಯಿತು. ಟಕ್, ಟಕ್, ಟಕ್, ಟಕ್. ಪರದೆ ಬಿಳಿಚಿಕೊಂಡು ನಿಂತಿತು. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಹುಡುಗ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸುತ್ತಿತ್ತು. ಮರಳು ಗಡಿಯಾರ ಹಾಗೇ ಇತ್ತು. ಹಾಗೇ ಇತ್ತು. ಆಮೇಲೆ, ಏನೂ ಆಗೇ ಇಲ್ಲವೆನ್ನುವಂತೆ, ಬಾಣ ಮರಳಿತು. ಪುಟ ಸೇವ್ ಆಗಿತ್ತು. ಎಕ್ಸ್‌ಪಿಯನ್ನು ಕ್ರಮವಾಗಿ ಶಟ್‌ಡೌನ್ ಮಾಡಿದೆವು, ಉಳಿದೆರಡನ್ನೂ ಮಾಡಿದೆವು, ಡಿಸ್ಕನ್ನು ಅನ್‌ಮೌಂಟ್ ಮಾಡಿದೆವು. ಹೊರಗಿನ ಡಬ್ಬಿಯ ಪವರ್ ಮಾತ್ರ ಆರಿಸಲಿಲ್ಲ. ಈ ಸ್ಥಿತಿಗೆ ಬಂದ ಡಿಸ್ಕು ಒಮ್ಮೆ ತಿರುಗುವುದು ನಿಂತರೆ ಮತ್ತೆ ತಿರುಗುತ್ತದೆಂಬ ಭರವಸೆ ಇಲ್ಲ.

ಇನ್ನು ಡಿಡಿರೆಸ್ಕ್ಯೂ. ಅಷ್ಟು ಚಿಕ್ಕ ತಂತ್ರಾಂಶದಲ್ಲಿ ಅಷ್ಟು ವಿವೇಕ ನಾನು ಬೇರೆಡೆ ಕಂಡಿಲ್ಲ. ಸಾಮಾನ್ಯ ಕಾಪಿ ಕೆಟ್ಟ ಜಾಗ ಸಿಕ್ಕ ಕೂಡಲೇ ಅಲ್ಲೇ ಹೆಣಗುತ್ತದೆ. ಹೆಣಗಿದಷ್ಟೂ ಡಿಸ್ಕಿನ ಆಯುಸ್ಸು ಕರಗುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ. ಮೊದಲು ಸುಲಭವಾಗಿ ಸಿಕ್ಕುವುದನ್ನೆಲ್ಲ ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗ ಎದುರಾದರೆ ದಾಟಿ ಮುಂದೆ ಹೋಗುತ್ತದೆ, ಎಲ್ಲಿ ಬಿಟ್ಟೆ ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಬಿಟ್ಟ ಜಾಗಗಳಿಗೆ ಕೊನೆಯಲ್ಲಿ ಮರಳಿ ಬಂದು ಎರಡೂ ಅಂಚಿನಿಂದ ಕೆರೆಯುತ್ತದೆ. ನಡುವೆ ಕರೆಂಟ್ ಹೋದರೂ ಮ್ಯಾಪ್ ಫೈಲು ಇದ್ದರೆ ಬಿಟ್ಟಲ್ಲಿಂದಲೇ ಶುರು. ಪೆನ್‌ಡ್ರೈವಿನಲ್ಲಿ ತಂದಿದ್ದ ಅದನ್ನು ಹಳೆಯ ಸೆಂಟ್‌ಓಎಸ್‌ನಲ್ಲೇ ಓಡಿಸಿದೆ. ಪ್ರತಿ ಇಳಿಯುತ್ತಿದ್ದದ್ದು ಹೊರಗೆ ಸಿಕ್ಕಿಸಿದ ಇನ್ನೊಂದು ಡಿಸ್ಕಿಗೆ. ಯುಎಸ್‌ಬಿ 2.0ರ ಹಳೆಯ ಕಿಂಡಿ, ಸೆಕೆಂಡಿಗೆ 30 ಎಂಬಿ ಆಸುಪಾಸು. ಒಂದು ಜಿಬಿ. ಹತ್ತು ಜಿಬಿ. ಅಂಕಿ ಏರುತ್ತಿತ್ತು. ಟಕ್ ಸದ್ದು ಬಂದಾಗಲೆಲ್ಲ ವೇಗ ಸೊನ್ನೆಗೆ ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು.

ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಮನೆ ಕತ್ತಲಾಯಿತು.

ಯುಪಿಎಸ್ ಕೀರಲು ಶುರುಮಾಡಿತು. ಮಾನಿಟರ್ ವೈರು ಕಿತ್ತೆ. ಅಷ್ಟಾದರೂ ಭಾರ ಇಳಿಯಲಿ. ಹಳೆಯ ಬ್ಯಾಟರಿ ಎಷ್ಟು ಹೊತ್ತು ತಡೆದೀತು? ಕಾಲು ಗಂಟೆಯಿದ್ದರೆ ದೊಡ್ಡದು. ಹುಡುಗ ಟಾರ್ಚ್ ಹಿಡಿದು ಮಳೆಗೆ ಓಡಿದ. ಸುತ್ತ ಚಿರತೆ ಓಡಾಡುವ ಕಾಡು, ಅವನಿಗೆ ಅದರ ಪರಿವೆಯಿಲ್ಲ. ಹೂ ಮಾರುವವರ ಮನೆಯ ಇನ್ವರ್ಟರ್‌ನಿಂದ ಉದ್ದ ವೈರು ಎಳೆದು ತಂದ. ಯುಪಿಎಸ್‌ಗೆ ಸಿಕ್ಕಿಸಿದೆವು. ಕೀರಲು ನಿಲ್ಲಲಿಲ್ಲ. ಅದು ಸ್ಕ್ವೇರ್ ವೇವ್ ಇನ್ವರ್ಟರ್. ಫ್ಯಾನು, ಬಲ್ಬಿಗೆ ಆಗುತ್ತದೆ. ಆದರೆ ಯುಪಿಎಸ್ ಆ ಒರಟು ಅಲೆಯನ್ನು ಕರೆಂಟೆಂದು ಒಪ್ಪುವುದೇ ಇಲ್ಲ, ತನ್ನ ಬ್ಯಾಟರಿಯನ್ನೇ ತಿನ್ನುತ್ತದೆ. ಕೀರುವುದು ಜೋರಾಯಿತು. ಎರಡು ಸದ್ದಿನ ನಡುವಿನ ಬಿಡುವು ಕಿರಿದಾಯಿತು.

‘ಅಣ್ಣ, ಮೂಲೆ ಮನೆಯೋರ ಹತ್ರ ಹೊಸಾದಿದೆ!’

‘ಸೈನ್ ವೇವ್ ಅಂತ ಬರೆದಿದ್ಯಾ ನೋಡು, ಓಡು!’

ವೈರು ಸಾಲದೆ ಇನ್ನೊಂದು ಎಕ್ಸ್‌ಟೆನ್ಷನ್, ಅದಕ್ಕೆ ಮತ್ತೊಂದು. ಜಂಟಿಯ ಮೇಲೆ ಪ್ಲಾಸ್ಟಿಕ್ ಬಕೆಟ್ ಕವುಚಿ ಮೇಷ್ಟ್ರು ಸ್ವತಃ ಕೊಡೆ ಹಿಡಿದು ನಿಂತರು. ಯುಪಿಎಸ್ಸಿನ ಕೀರಲು ಎಡೆಬಿಡದ ಒಂದೇ ಕೂಗಾಗಿತ್ತು. ಅದಾದ ಮೇಲೆ ಉಳಿದಿರುವುದು ಮೌನ, ಡಿಸ್ಕಿನ ಸಾವು. ಪ್ಲಗ್ಗು ಸಿಕ್ಕಿಸಿದೆ. ಒಂದು ಕ್ಲಿಕ್. ಕೂಗು ನಿಂತಿತು. ಹಸಿರು ದೀಪ. ಕಿವಿಗೊಟ್ಟೆ: ಡಿಸ್ಕು ತಿರುಗುತ್ತಲೇ ಇತ್ತು.

ಮೊದಲ ಸುತ್ತು ಮುಗಿದ ಮೇಲೆ ಉಳಿದದ್ದು ಕೆಟ್ಟ ಜಾಗಗಳು. ಮುಂದಿನಿಂದ ಓದಿದರೆ ಬಾರದ್ದು ಕೆಲವೊಮ್ಮೆ ಹಿಂದಿನಿಂದ ಓದಿದರೆ ಬರುತ್ತದೆ. ಡಿಡಿರೆಸ್ಕ್ಯೂಗೆ ದಿಕ್ಕು ತಿರುಗಿಸುವಂತೆ ಹೇಳಿದೆ. ಇಷ್ಟಿಷ್ಟೇ ಬಂತು. ಕೊನೆಯಲ್ಲಿ ಕೆಲವು ಕಿಲೋಬೈಟ್‌ಗಳು ಮಾತ್ರ ಬಾರದೆ ಉಳಿದವು. ಸದ್ದು ವಿಕಾರವಾಗತೊಡಗಿತು. ಅಲ್ಲಿಗೆ ಸಾಕೆಂದು ನಿಲ್ಲಿಸಿದೆ. ಪ್ರತಿಯನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಇಡೀ ಪ್ರತಿಯ ಶಾ-256 ಮೊತ್ತ ತೆಗೆದೆ. 64 ಅಕ್ಷರಗಳ ಸಾಲು. ಅಷ್ಟೂ ದತ್ತಾಂಶದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಬೇರೆಯಾಗುತ್ತದೆ. ಮೇಷ್ಟ್ರು ಅದನ್ನು ಹಾಳೆಯ ಮೇಲೆ ನಾಲ್ಕು ನಾಲ್ಕು ಅಕ್ಷರ ಬಿಡಿಸಿ ಬರೆದುಕೊಟ್ಟರು, ಎರಡು ಸಲ ಓದಿ ತಾಳೆ ನೋಡಿದರು. ಜೀವನವಿಡೀ ಕರಡು ತಿದ್ದಿದ ಕೈ ಅದು.

ಪ್ರತಿಯಿದ್ದ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಬಟ್ಟೆಯ ಚೀಲಕ್ಕೆ ಹಾಕಿ ಎದೆಗೆ ಅಡ್ಡ ಕಟ್ಟಿಕೊಂಡೆ. ಶ್ರೀಲಿಪಿಯ ಹಾರ್ಡ್‌ವೇರ್ ಲಾಕ್ ಅಂಗಿಯ ಜೇಬಿನಲ್ಲಿ. ಅದಿಲ್ಲದೆ ಆ ಫಾಂಟುಗಳ ತಂತ್ರಾಂಶ ಬಾಯಿ ಬಿಡುವುದಿಲ್ಲ. ಬಸ್ಸಿಗೆ ನಿಂತರೆ ಅದು ಬೆಟ್ಟದ ಇನ್ನೊಂದು ಮಗ್ಗುಲಿಗೆ, ಲಲಿತಮಹಲ್ ಕಡೆಗೆ ಇಳಿಸುತ್ತದೆ. ಹೊಸ ಯಂತ್ರ ಇರುವುದು ಮೆಟ್ಟಿಲಿನ ಬುಡದಲ್ಲಿ. ಬೆಳಕು ಹರಿಯುವ ಮುಂಚೆ ಮೆಟ್ಟಿಲಿಗೆ ಕಾಲಿಟ್ಟೆವು, ಹುಡುಗ ಮುಂದೆ, ನಾನು ಹಿಂದೆ.

ದೊಡ್ಡ ದೇವರಾಜ ಒಡೆಯರ ಕಾಲದ ಮೆಟ್ಟಿಲು, 17ನೇ ಶತಮಾನದ ಕಲ್ಲು. ಅಂದು ಇಡೀ ಮೈಸೂರು ಅದರ ಮೇಲಿತ್ತು. ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಬಾಗಿ ಬಾಗಿ ಏಳುತ್ತಿದ್ದರು. ಸೋನೆ ಬಿದ್ದು ಅರಿಸಿನವೆಲ್ಲ ಲೇಪವಾಗಿತ್ತು. ಸಾವಿರಾರು ಜನ ಮೇಲೆ ಬರುವ ದಾರಿಯಲ್ಲಿ ಕೆಳಗಿಳಿಯುವವರು ನಾವಿಬ್ಬರೇ. ‘ಜಾಗ ಬಿಡ್ರಮ್ಮ, ಸ್ವಲ್ಪ ಜಾಗ ಬಿಡಿ ಸಾರ್’ ಎನ್ನುತ್ತ ಹುಡುಗ ದಾರಿ ಮಾಡುತ್ತಿದ್ದ. ಒಂದು ತಿರುವಿನಲ್ಲಿ ಕಾಲು ಜಾರಿತು. ಎರಡೂ ಕೈ ಚೀಲಕ್ಕೆ ಹೋದವು, ಮಂಡಿ ಕಲ್ಲಿಗೆ ಬಡಿಯಿತು. ನೋವು ಆಮೇಲೆ ಗೊತ್ತಾಯಿತು. ಅಜ್ಜಿಯೊಬ್ಬರು ತೋಳು ಹಿಡಿದೆತ್ತಿ ‘ಅಮ್ಮ ಕಾಪಾಡಿದ್ಳು ಕಣಪ್ಪ’ ಎಂದರು. ಡಬ್ಬಿ ಎದೆಗೆ ಅವುಚಿಕೊಂಡೇ ಇತ್ತು.

ಸುಮಾರು ಮುನ್ನೂರು ಮೆಟ್ಟಿಲು ಇಳಿದರೆ ನಂದಿ. ಒಂದೇ ಬಂಡೆಯ ಆ ದೈತ್ಯನ ಮುಂದೆ ಉಸಿರು ತಿರುಗಿಸಿಕೊಳ್ಳಲು ನಿಂತದ್ದೇ ತಡ, ಪಕ್ಕದ ಗೋಡೆಯಿಂದ ಕೋತಿಯೊಂದು ಹಾರಿ ಚೀಲಕ್ಕೆ ಕೈ ಹಾಕಿತು. ಬೆಟ್ಟದ ಕೋತಿಗಳಿಗೆ ಚೀಲ ಎಂದರೆ ಬಾಳೆಹಣ್ಣು. ಎಳೆಯಿತು, ನಾನೂ ಎಳೆದೆ. ಹೊಲಿಗೆ ಬಿಚ್ಚಿಕೊಳ್ಳುವ ಸದ್ದು ಕೇಳಿತು. ಡಬ್ಬಿಯ ಅಂಚು ಹೊರಗೆ ಇಣುಕಿತು. ಅದೊಂದು ಕಲ್ಲಿನ ಮೇಲೆ ಬಿದ್ದಿದ್ದರೆ ಇರುವ ಒಂದೇ ಪ್ರತಿ ಹೋಗುತ್ತಿತ್ತು. ಮೇಲೆ ಉಳಿದ ಮೂಲ ಇನ್ನೊಮ್ಮೆ ಓದಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹುಡುಗ ತನ್ನ ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ದೂರ ಎಸೆದ. ಕೋತಿ ಬಿಟ್ಟು ಅದರ ಹಿಂದೆ ಓಡಿತು. ಡಬ್ಬಿಯನ್ನು ಅಂಗಿಯೊಳಗೆ ತುರುಕಿಕೊಂಡು ಇಳಿದೆವು. ಎಡಕ್ಕೆ ಕಣಿವೆಯ ಮಂಜಿನ ಕೆಳಗೆ ಊರಿನ ದೀಪಗಳು ಆರುತ್ತಿದ್ದವು. 2021ರ ಮಳೆಗೆ ಈ ನಂದಿಯ ಕಡೆಯ ರಸ್ತೆಯೇ ಕುಸಿದಿತ್ತು. ನೆಲ ನೀರು ಕುಡಿದಿರುವಾಗ ಇಲ್ಲಿ ಯಾರೂ ಅಂಚಿಗೆ ಹೋಗುವುದಿಲ್ಲ. ನಾವೂ ಹೋಗಲಿಲ್ಲ.

ಪಾದ ಮುಟ್ಟಿ, ಮನೆ ಸೇರಿ, ಡಿಸ್ಕನ್ನು ಹೊಸ ಯಂತ್ರಕ್ಕೆ ಸಿಕ್ಕಿಸಿ, ಮೊದಲು ಶಾ ಮೊತ್ತ ತೆಗೆದೆ. ಹಾಳೆ ಬಿಡಿಸಿ ಮೇಷ್ಟ್ರ ಅಕ್ಷರದ ಪಕ್ಕ ಇಟ್ಟು ನೋಡಿದೆ. ಮೊದಲ ನಾಲ್ಕು, ಎರಡನೇ ನಾಲ್ಕು, ಹೀಗೆ ಕೊನೆಯವರೆಗೆ. ಅರವತ್ತನಾಲ್ಕೂ ಒಂದೇ. ಕೂಡಲೇ ಎರಡನೇ ಪ್ರತಿ ಮಾಡಿದೆ, ಆಮೇಲೆ ಮಿಕ್ಕ ಕೆಲಸ.

ಎಕ್ಸ್‌ಪಿಯ ಡಿಸ್ಕು ಒಂದೇ ಫೈಲಲ್ಲ. ಎರಡೆರಡು ಜಿಬಿಯ ತುಂಡುಗಳ ಉದ್ದನೆಯ ಸಾಲು, ಅವನ್ನೆಲ್ಲ ಪೋಣಿಸುವ ಒಂದು ಪುಟ್ಟ ವಿವರಣೆಯ ಫೈಲು. ಇಲ್ಲಿ ಅವಸರ ಮಾಡಿದವರು ಮೋಸ ಹೋಗುತ್ತಾರೆ. ವಿವರಣೆ ತೆರೆದು ಓದಿದೆ. ಯಂತ್ರದ ಸಂರಚನೆಯಲ್ಲಿ ಬರೆದಿದ್ದ ಡಿಸ್ಕಿನ ಹೆಸರಿನ ಕೊನೆಗೆ 000001 ಎಂದಿತ್ತು. ಎಂದರೆ ಎಂದೋ ಒಂದು ಕಾಲದಲ್ಲಿ ಯಾರೋ ಸ್ನ್ಯಾಪ್‌ಶಾಟ್ ತೆಗೆದಿದ್ದಾರೆ; ವಿಎಂವೇರ್ ಸರ್ವರ್ ಒಂದು ಯಂತ್ರಕ್ಕೆ ಒಂದೇ ಸ್ನ್ಯಾಪ್‌ಶಾಟ್ ಕೊಡುತ್ತಿತ್ತು. ಅಂದಿನಿಂದ ಬರೆದದ್ದೆಲ್ಲ ಮೂಲ ಡಿಸ್ಕಿನಲ್ಲಿಲ್ಲ, ಬೇರೆ ಪದರದಲ್ಲಿದೆ. ಮೂಲವನ್ನಷ್ಟೇ ಪರಿವರ್ತಿಸಿದರೆ ಯಂತ್ರ ಸಲೀಸಾಗಿ ಏಳುತ್ತದೆ, ನಗುತ್ತದೆ, ಆದರೆ ಸ್ನ್ಯಾಪ್‌ಶಾಟಿನ ನಂತರದ ಒಂದು ಪುಸ್ತಕವೂ ಅದರಲ್ಲಿ ಇರುವುದಿಲ್ಲ. ಮೇಲಿನ ಪದರ ತನ್ನ ತಾಯಿಯ ಗುರುತಿನ ಸಂಖ್ಯೆಯನ್ನು ಬರೆದಿಟ್ಟುಕೊಂಡಿರುತ್ತದೆ. ಅದನ್ನೂ ಮೂಲದ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಕೂಡಿದವು. ಸರಪಳಿಯ ತುದಿಯಿಂದ ಹಿಡಿದು ಕ್ಯೂಇಎಂಯು-ಇಮೇಜ್ ಪರಿವರ್ತನೆ ಶುರುವಾಯಿತು. ಎರಡು ಪದರವೂ ಬೆಸೆದು ಒಂದೇ ಡಿಸ್ಕಾಗಿ ಪ್ರಾಕ್ಸ್‌ಮಾಕ್ಸ್‌ಗೆ ಸೇರಿತು.

ಸ್ಟಾರ್ಟ್ ಒತ್ತಿದೆ. ವಿಂಡೋಸ್ ಲಾಂಛನ ಒಂದು ಮಿಂಚು ಮಿಂಚಿತು. ನೀಲಿ ಪರದೆ. ಕೊನೆಗೆ 7ಬಿ.

ಬೂಟ್ ಡಿಸ್ಕು ಕಾಣುತ್ತಿಲ್ಲ ಎಂಬುದು ಅದರ ಅರ್ಥ. ಡಿಸ್ಕು ಅಲ್ಲೇ ಇತ್ತು. ಎಕ್ಸ್‌ಪಿ ಬಲ್ಲ ಐಡಿಇ ಕಂಟ್ರೋಲರ್ ಇಂಟೆಲ್‌ನ ಪಿಐಐಎಕ್ಸ್4, ವಿಎಂವೇರ್ ಅದನ್ನೇ ತೋರಿಸುತ್ತಿತ್ತು. ಕೆವಿಎಂ ತೋರಿಸುವುದು ಅದರ ಹಿಂದಿನ ಪಿಐಐಎಕ್ಸ್3. ಇಬ್ಬರಿಗೂ ಒಂದೇ ಡ್ರೈವರ್ ಸಾಕು, ಆದರೆ ಎಕ್ಸ್‌ಪಿಯ ರಿಜಿಸ್ಟ್ರಿಯಲ್ಲಿ ಹೊಸಬನ ಹೆಸರಿಲ್ಲದ ಕಾರಣ ಬಾಗಿಲು ತೆಗೆಯುವುದಿಲ್ಲ. ಹಳೆಯ ಯಂತ್ರ ಬದುಕಿದ್ದರೆ ಅಲ್ಲೇ ಮರ್ಜ್‌ಐಡಿಇ ಎಂಬ ಚಿಕ್ಕ ಫೈಲನ್ನು ಓಡಿಸಿ ಬರಬಹುದಿತ್ತು. ಅದು ಬೆಟ್ಟದ ತುದಿಯಲ್ಲಿ ಕೊನೆಯುಸಿರು ಎಳೆಯುತ್ತಿತ್ತು. ಉಳಿದದ್ದು ಒಂದೇ ದಾರಿ: ಮಲಗಿರುವ ಎಕ್ಸ್‌ಪಿಯ ಡಿಸ್ಕನ್ನು ಲಿನಕ್ಸ್‌ಗೆ ಜೋಡಿಸಿ, ಹೊರಗಿನಿಂದಲೇ ರಿಜಿಸ್ಟ್ರಿ ತೆರೆದು, ಆ ಸಾಲುಗಳನ್ನು ಒಳಗೆ ಸೇರಿಸುವುದು.

ಅಷ್ಟರಲ್ಲಿ ಚಹಾ ತರಲು ಹೋಗಿದ್ದ ಹುಡುಗ ಲೋಟ ತುಳುಕಿಸಿಕೊಂಡು ಓಡಿ ಬಂದ. ‘ಅಣ್ಣ, ಟಿವೀಲೂ ಅದೇ ನೀಲಿ! ಏರ್‌ಪೋರ್ಟೆಲ್ಲ ನಿಂತೋಗಿದೆ!’ ಹೌದು, ಅದೇ ಜುಲೈ 19. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್ ಭಾರತದ ಬೆಳಗಿನ ಹೊತ್ತಿಗೆ ಲೋಕದ ತುಂಬ ಹರಡಿ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ಮಲಗಿಸಿದ ದಿನ. ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಡುತ್ತಿದ್ದರು. ನಮ್ಮ ನೀಲಿಗೂ ಆ ನೀಲಿಗೂ ಸಂಬಂಧವಿರಲಿಲ್ಲ. ಆದರೆ ಮದ್ದು ಒಂದೇ ಜಾತಿಯದು: ಏಳಲಾರದ ಯಂತ್ರದ ಡಿಸ್ಕಿಗೆ ಹೊರಗಿನಿಂದ ಕೈ ಹಾಕಿ ಸರಿಮಾಡುವುದು. ಆ ದಿನ ಜಗತ್ತಿನ ಎಷ್ಟೋ ಊರುಗಳಲ್ಲಿ ನನ್ನ ಕಸುಬಿನವರು ಅದನ್ನೇ ಮಾಡುತ್ತಿದ್ದರು.

ಸಾಲುಗಳು ಒಳಗೆ ಹೋದವು. ಮತ್ತೆ ಸ್ಟಾರ್ಟ್. ಲಾಂಛನ. ಅದರ ಕೆಳಗಿನ ಪಟ್ಟಿ ಒಂದು ಸಲ ಹರಿಯಿತು, ಇನ್ನೊಂದು ಸಲ ಹರಿಯಿತು. ಡೆಸ್ಕ್‌ಟಾಪ್ ಬಂತು. ಹಾರ್ಡ್‌ವೇರ್ ಲಾಕನ್ನು ಸಿಕ್ಕಿಸಿ ವರ್ಚುವಲ್ ಮಷಿನ್‌ಗೆ ದಾಟಿಸಿದೆ. ನೆಟ್‌ವರ್ಕ್ ಕಾರ್ಡನ್ನು ಬೇಕೆಂದೇ ಕೊಡಲಿಲ್ಲ. ಬೆಂಬಲ ನಿಂತ ಎಕ್ಸ್‌ಪಿಯನ್ನು ಇಂಟರ್‌ನೆಟ್ಟಿಗೆ ಬಿಡುವುದು ಸಲ್ಲದು. ಪೇಜ್‌ಮೇಕರ್ ತೆರೆದೆ, ಭಾನುವಾರದ ಪುಸ್ತಕ ತೆರೆದೆ. ಪುಟ 1. ತಲೆಕಟ್ಟು, ಒತ್ತು, ದೀರ್ಘ, ಎಲ್ಲ ತಮ್ಮ ತಮ್ಮ ಜಾಗದಲ್ಲಿ. ಸೋಬಾನೆಯ ಸಾಲು ಮುರಿಯಬೇಕಾದಲ್ಲೇ ಮುರಿದಿತ್ತು. ಹಿಂದಿನ ಮಧ್ಯಾಹ್ನ ಮೇಷ್ಟ್ರು ಸೇರಿಸಿದ್ದ ಅಡಿಟಿಪ್ಪಣಿ ಪುಟದ ಬುಡದಲ್ಲಿತ್ತು.

ಫೋನು ಬಹಳ ಹೊತ್ತಿನ ಮೇಲೆ ಸಿಕ್ಕಿತು. ‘ಏನಪ್ಪಾ, ಬಂತಾ?’

‘ಬಂತು ಮೇಷ್ಟ್ರೇ. ಅಡಿಟಿಪ್ಪಣೀನೂ ಇದ್ದಲ್ಲೇ ಇದೆ.’

ಆ ಕಡೆಯಿಂದ ಮಾತು ಬರಲಿಲ್ಲ. ದೇವಸ್ಥಾನದ ಗಂಟೆ, ಜನರ ಗದ್ದಲ ಮಾತ್ರ ಕೇಳಿಸುತ್ತಿತ್ತು.

ಉಳಿದೆರಡು ಯಂತ್ರಗಳು ಹೆಚ್ಚು ಕಾಡಿಸಲಿಲ್ಲ. ಅವುಗಳಲ್ಲೊಂದಾದ ಲಿನಕ್ಸ್ ಕಡತ ಸರ್ವರ್ ಹೊಸ ನೆಟ್‌ವರ್ಕ್ ಕಾರ್ಡನ್ನು ಗುರುತಿಸದೆ ಮುನಿದಿತ್ತು. ಹಳೆಯ ವಿಳಾಸ ಅಳಿಸಿದ ಮೇಲೆ ಸರಿಹೋಯಿತು. ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಓದಲಾಗದೆ ಉಳಿದ ಆ ಕೆಲವು ಕಿಲೋಬೈಟ್‌ಗಳು ಯಾರ ಮೇಲೆ ಬಿದ್ದಿವೆ? ಡಿಡಿರೆಸ್ಕ್ಯೂನಲ್ಲಿ ಅದಕ್ಕೂ ಉಪಾಯವಿದೆ. ಎರಡನೇ ಪ್ರತಿಯ ಆ ಖಾಲಿ ಜಾಗಗಳಲ್ಲಿ ‘ಬ್ಯಾಡ್ ಸೆಕ್ಟರ್’ ಎಂಬ ಪದವನ್ನು ತುಂಬಿಸಿ, ಆಮೇಲೆ ಎಲ್ಲ ಫೈಲುಗಳಲ್ಲಿ ಆ ಪದ ಹುಡುಕುವುದು. ಹುಡುಕಿದೆ. ಹೆಚ್ಚಿನವು ವಿಂಡೋಸ್‌ನ ಪೇಜ್ ಫೈಲಿನಲ್ಲಿ ಬಿದ್ದಿದ್ದವು, ಅದರಿಂದ ನಷ್ಟವಿಲ್ಲ. ಒಂದು ಮಾತ್ರ ಹಳೆಯ ಹಾಡಿನ ಪುಸ್ತಿಕೆಯೊಂದರ ಕಡತದ ನಡುವೆ ಬಿದ್ದಿತ್ತು. ಅದು ತೆರೆಯಲೇ ಇಲ್ಲ. ಮೇಷ್ಟ್ರ ಕಪಾಟಿನಲ್ಲಿ ಅಚ್ಚಾದ ಒಂದು ಪ್ರತಿ ಇತ್ತು, ಅದನ್ನು ನೋಡಿಕೊಂಡು ಮತ್ತೆ ಟೈಪ್ ಮಾಡಿದರು, ಈ ಸಲ ಯೂನಿಕೋಡ್‌ನಲ್ಲಿ. ಆ ಪ್ರತಿ ಇಲ್ಲದಿದ್ದರೆ ಆ ಹಾಡುಗಳು ಅಂದಿಗೆ ಮುಗಿಯುತ್ತಿದ್ದವು.

ಭಾನುವಾರ ಪುಸ್ತಕ ಬಿಡುಗಡೆಯಾಯಿತು. ಬೆಟ್ಟದ ಮೇಲಿನ ಹಳೆಯ ಡಿಸ್ಕನ್ನು ಆಮೇಲೆ ಆರಿಸಿದೆವು, ಮತ್ತೆ ಹಚ್ಚಿ ನೋಡಿದರೆ ತಿರುಗಲಿಲ್ಲ.

ಮೈಸೂರು, ಗದಗ, ಧಾರವಾಡ, ಮಂಗಳೂರು, ಕಾಸರಗೋಡು, ಪ್ರೆಸ್ಸು ಇದ್ದ ಊರುಗಳಲ್ಲೆಲ್ಲ ಹಳೆಯ ಡಿಟಿಪಿ ಅಂಗಡಿಗಳ ಮೂಲೆಯಲ್ಲಿ ಇಂಥ ಡಬ್ಬಿಗಳು ಇನ್ನೂ ಇವೆ. ಎರಡು ದಶಕಕ್ಕೂ ಹೆಚ್ಚು ಕಾಲದ ಕನ್ನಡದ ಅಚ್ಚು ಅವುಗಳೊಳಗಿದೆ. ನಿಮಗೆ ಗೊತ್ತಿರುವ ಅಂಗಡಿ ಇದ್ದರೆ ಈ ವಾರವೇ ಹೋಗಿ ಕೇಳಿ. ಗುಜರಿಗೆ ಹಾಕುವ ಮೊದಲು ಡಿಸ್ಕಿನ ಪೂರ್ತಿ ಪ್ರತಿ ತೆಗೆಯಿಸಿ, ಫಾಂಟು, ತಂತ್ರಾಂಶ, ಲಾಕು ಸಮೇತ ಯಂತ್ರವನ್ನೇ ಉಳಿಸಿ, ಪ್ರತಿಗಳನ್ನು ಬೇರೆ ಬೇರೆ ಮನೆಗಳಲ್ಲಿಡಿ. ಯೂನಿಕೋಡ್‌ಗೆ ಬದಲಾಯಿಸುವ ಕೆಲಸವನ್ನು ಆಮೇಲೆ ಸಾವಕಾಶವಾಗಿ ಮಾಡಬಹುದು. ಡಿಸ್ಕು ಸದ್ದು ಮಾಡುತ್ತಿದ್ದರೆ ಮಾತ್ರ ನೀವೇ ಕೈ ಹಾಕಬೇಡಿ, ಕೆಲಸ ಬಲ್ಲವರನ್ನು ಕರೆಸಿ.